ಬಿಡಿಸಿದವರು ಯಾರೋ, ಮುಗಿಸಿದವರು ಯಾರೋ

ಜಿಗ್‌ಜ್ಯಾಗ್ ಎಂಬ ಕುಟಿಲ ಮಂತ್ರಿ ಇಸ್ಪೀಟು ಕಲಸುತ್ತಾನೆ. ನೀಲಿ ಮೈಬಣ್ಣ, ನೀಳ ಬೆರಳು, ಬೆರಳ ತುಂಬ ಉಂಗುರ. ಎಲೆಗಳನ್ನು ಹರಡುತ್ತಾನೆ, ಒಂದು ಕೈಯಿಂದ ಇನ್ನೊಂದಕ್ಕೆ ಹಾರಿಸುತ್ತಾನೆ, ಮತ್ತೆ ಒಟ್ಟು ಮಾಡುತ್ತಾನೆ. ತೆರೆಯ ಮೇಲೆ ಎಲ್ಲ ಕೆಲವೇ ಸೆಕೆಂಡು. ಆದರೆ ಆ ಸೆಕೆಂಡುಗಳಲ್ಲಿ ಒಂದೊಂದು ಎಲೆಯೂ ತನ್ನದೇ ದಾರಿ ಹಿಡಿದು ತನ್ನದೇ ಕೋನದಲ್ಲಿ ಹೊರಳುತ್ತದೆ. ಈಗಿನವರಿಗೆ ತೋರಿಸಿದರೆ ಕಂಪ್ಯೂಟರ್ ಕೆಲಸ ಎಂದೇ ಹೇಳುತ್ತಾರೆ. ಕಂಪ್ಯೂಟರ್ ಅದರ ಹತ್ತಿರವೂ ಸುಳಿದಿಲ್ಲ. ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಮೇಜಿನ ಕೆಳಗಿನಿಂದ ದೀಪ ಹಾಕಿಕೊಂಡು, ಹಾಳೆಯ ಮೇಲೆ ಹಾಳೆಯಿಟ್ಟು, ಪೆನ್ಸಿಲಿನಲ್ಲಿ ಬಿಡಿಸಿದ್ದು ಅದು.

ಚಿತ್ರದ ಹೆಸರು ‘ದಿ ಥೀಫ್ ಅಂಡ್ ದಿ ಕಾಬ್ಲರ್’. ಒಬ್ಬ ಕಳ್ಳ, ಒಬ್ಬ ಚಪ್ಪಲಿ ಹೊಲಿಯುವ ಹುಡುಗ, ಅವರಿಬ್ಬರ ಕಥೆ. ನಿರ್ದೇಶಕ ರಿಚರ್ಡ್ ವಿಲಿಯಮ್ಸ್. ಕೆಲಸ ಶುರುವಾದದ್ದು 1964ರಲ್ಲಿ. ಅವರ ಕೈಯಿಂದ ಅದನ್ನು ಕಿತ್ತುಕೊಂಡದ್ದು 1992ರಲ್ಲಿ. ನಡುವಿನ 28 ವರ್ಷ ಒಬ್ಬ ಮನುಷ್ಯ ತಾನು ದುಡಿದದ್ದನ್ನೆಲ್ಲ ಒಂದೇ ಚಿತ್ರಕ್ಕೆ ಸುರಿದ. ಕೊನೆಗೆ ಅದನ್ನು ಮುಗಿಸಿದವರು ಬೇರೆ. ಮುಗಿಸುವ ಹೆಸರಿನಲ್ಲಿ ಹಾಳಾದದ್ದನ್ನು ತುಣುಕು ತುಣುಕಾಗಿ ಹುಡುಕಿ ಮತ್ತೆ ಜೋಡಿಸಿದವರು ಇನ್ನೂ ಬೇರೆ. ಅವರಿಗೆ ಆ ಚಿತ್ರದ ಮೇಲೆ ಅಭಿಮಾನದ ಹೊರತು ಇನ್ಯಾವ ಹಕ್ಕೂ ಇರಲಿಲ್ಲ. ಸಿನಿಮಾ ಚರಿತ್ರೆಯಲ್ಲಿ ನಿಂತುಹೋದ ಚಿತ್ರಗಳಿಗೆ ಲೆಕ್ಕವಿಲ್ಲ. ಆದರೂ ನನಗೆ ಇದರಷ್ಟು ಸಂಕಟವನ್ನೂ ಸಂತೋಷವನ್ನೂ ಕೊಟ್ಟದ್ದು ಮತ್ತೊಂದಿಲ್ಲ.

ವಿಲಿಯಮ್ಸ್ ಹುಟ್ಟಿದ್ದು 1933ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ತಾಯಿಯೂ ಚಿತ್ರ ಬಿಡಿಸುವವರೇ. ಹುಡುಗ ಸ್ಪೇನಿನ ಇಬಿಝಾ ದ್ವೀಪಕ್ಕೆ ಹೋಗಿ ಕೆಲಕಾಲ ವರ್ಣಚಿತ್ರ ಬರೆದುಕೊಂಡಿದ್ದು, ಆಮೇಲೆ ಲಂಡನ್ ಸೇರಿದ. 1958ರಲ್ಲಿ ‘ದಿ ಲಿಟಲ್ ಐಲ್ಯಾಂಡ್’ ಎಂಬ ಕಿರುಚಿತ್ರ ಮಾಡಿ ಹೆಸರು ಗಳಿಸಿದ. ಸೋಹೊ ಚೌಕದಲ್ಲಿ ಸ್ವಂತ ಸ್ಟುಡಿಯೋ ನಿಂತಿತು. ಹೊಟ್ಟೆಪಾಡಿಗೆ ಜಾಹೀರಾತು, ‘ಪಿಂಕ್ ಪ್ಯಾಂಥರ್’ ಸರಣಿಯ ಚಿತ್ರಗಳಿಗೆ ಟೈಟಲ್ ಕಾರ್ಡು; ಮನಸ್ಸಿಗೆ ಈ ದೊಡ್ಡ ಚಿತ್ರ.

ಮೊದಲು ಅದು ಕಳ್ಳನ ಕಥೆಯೇ ಆಗಿರಲಿಲ್ಲ. ಮುಲ್ಲಾ ನಸ್ರುದ್ದೀನನ ಕಥೆಯಾಗಿತ್ತು. ಕತ್ತೆಯ ಮೇಲೆ ಹಿಂದುಮುಂದಾಗಿ ಕೂತು ಹೋಗುವ ಆ ಮುಲ್ಲಾ ನಮ್ಮಲ್ಲೂ ಮಕ್ಕಳ ಪುಸ್ತಕಗಳಿಂದ ಮನೆಮನೆಗೆ ಪರಿಚಿತ. ಇಂಗ್ಲಿಷ್ ಓದುಗರಿಗೆ ಅವನನ್ನು ಹತ್ತಿರ ಮಾಡಿದವರು ಇದ್ರೀಸ್ ಶಾ. ಶಿಮ್ಲಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಸೂಫಿ ಲೇಖಕ. ಶಾ ಅವರ ನಸ್ರುದ್ದೀನ್ ಪುಸ್ತಕಗಳಿಗೆ ಚಿತ್ರ ಬರೆದವರು ವಿಲಿಯಮ್ಸ್. ಅಲ್ಲಿಂದಲೇ ಸಿನಿಮಾದ ಯೋಚನೆ ಮೊಳೆಯಿತು, ಶಾ ಕುಟುಂಬವೂ ಕೈಜೋಡಿಸಿತು. 1970ರ ದಶಕದ ಆರಂಭದ ಹೊತ್ತಿಗೆ ದುಡ್ಡಿನ ಲೆಕ್ಕ, ಕಥೆಗಳ ಹಕ್ಕು ಎಂದು ಜಗಳ ಬಂತು, ಸಂಬಂಧ ಮುರಿಯಿತು. ಮುಲ್ಲಾ ಹೋದ. ವರ್ಷಗಟ್ಟಲೆ ಬಿಡಿಸಿದ್ದು ಮೂಲೆ ಸೇರಿತು. ಆದರೆ ವಿಲಿಯಮ್ಸ್ ತಾನೇ ಕಲ್ಪಿಸಿಕೊಂಡಿದ್ದ ಕಳ್ಳನನ್ನೂ ಮಂತ್ರಿಯನ್ನೂ ಉಳಿಸಿಕೊಂಡರು. ಅವರ ಸುತ್ತ ಹೊಸ ಕಥೆ ಹೆಣೆದರು.

ಆ ಕಥೆ ತೆಳ್ಳಗಿನದು. ಒಂದು ಸುವರ್ಣನಗರಿ. ಅದರ ಅತಿ ಎತ್ತರದ ಮಿನಾರಿನ ತುದಿಯಲ್ಲಿ ಮೂರು ಚಿನ್ನದ ಗುಂಡುಗಳು. ಅವು ಅಲ್ಲಿರುವ ತನಕ ನಗರ ಕ್ಷೇಮ. ಮೈಸುತ್ತ ನೊಣ ಹಾರಾಡುವ ಕಳ್ಳನಿಗೆ ಆ ಗುಂಡುಗಳ ಮೇಲೆ ಕಣ್ಣು. ಟ್ಯಾಕ್ ಎಂಬ ಹುಡುಗನ ಕೈಜಾರಿದ ಒಂದು ಮೊಳೆ ಬೀದಿಯಲ್ಲಿ ಮಂತ್ರಿಯ ಕಾಲಿಗೆ ಚುಚ್ಚುತ್ತದೆ. ಹುಡುಗನನ್ನು ಹಿಡಿದು ಅರಮನೆಗೆ ಎಳೆದೊಯ್ಯುತ್ತಾರೆ. ತಲೆ ಹೋಗುವುದು ಖಂಡಿತ ಎಂಬ ಹೊತ್ತಿನಲ್ಲಿ ರಾಜಕುಮಾರಿ ಯಮ್‌ಯಮ್ ತನ್ನ ಪಾದರಕ್ಷೆಯನ್ನು ತಾನೇ ಸದ್ದಿಲ್ಲದೆ ಮುರಿಯುತ್ತಾಳೆ, ಇದನ್ನು ರಿಪೇರಿ ಮಾಡಲು ಇವನು ಬೇಕು ಎನ್ನುತ್ತಾಳೆ. ಕೊನೆಯ ಒಂದು ಮಾತಿನ ಹೊರತು ಟ್ಯಾಕ್ ಮಾತೇ ಆಡುವುದಿಲ್ಲ. ಬಾಯಲ್ಲಿ ಕಚ್ಚಿಕೊಂಡ ಎರಡು ಮೊಳೆಗಳೇ ಅವನ ತುಟಿ. ಅವು ಮೇಲೆ ಬಾಗಿದರೆ ನಗು, ಕೆಳಗೆ ಬಾಗಿದರೆ ಬೇಸರ. ಕಳ್ಳನೂ ಮೂಕ. ನಾಯಕರಿಬ್ಬರೂ ಮೌನಿಗಳಾಗಿರುವ ಈ ಚಿತ್ರದಲ್ಲಿ ಬಾಯ್ತುಂಬ ಮಾತಾಡುವವನು ಮಂತ್ರಿ, ಅದೂ ಪ್ರಾಸದಲ್ಲಿ. ಅವನಿಗೆ ದನಿ ಕೊಟ್ಟವರು ವಿನ್ಸೆಂಟ್ ಪ್ರೈಸ್.

ಇನ್ನು ಕೆಲಸದ ರೀತಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಕೈಯಿಂದ ಬಿಡಿಸುವ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಡ್ರಾಯಿಂಗನ್ನು ಎರಡೆರಡು ಫ್ರೇಮಿಗೆ ತೆಗೆಯುತ್ತಾರೆ. ಹಾಗಾಗಿ ಸೆಕೆಂಡಿಗೆ 12 ಚಿತ್ರ ಸಾಕು. ಕಣ್ಣಿಗೆ ಅದೇನೂ ಗೊತ್ತಾಗುವುದಿಲ್ಲ. ವಿಲಿಯಮ್ಸ್ ಹಟ ಹಿಡಿದದ್ದು ಫ್ರೇಮಿಗೊಂದು ಚಿತ್ರಕ್ಕೆ. ಒಂದೂವರೆ ಗಂಟೆಯ ಸಿನಿಮಾ ಎಂದರೆ 1,29,600 ಫ್ರೇಮ್. ಒಂದೇ ಫ್ರೇಮಿನಲ್ಲಿ ನಾಲ್ಕಾರು ಪಾತ್ರಗಳಿದ್ದರೆ ಅಷ್ಟೂ ಬೇರೆ ಬೇರೆ ಹಾಳೆ. ಪೆನ್ಸಿಲಿನಲ್ಲಿ ಬಿಡಿಸಿ, ಪಾರದರ್ಶಕ ಸೆಲ್ ಹಾಳೆಗೆ ಶಾಯಿಯಲ್ಲಿ ಗೆರೆ ಎತ್ತಿ, ಹಿಂಬದಿಯಿಂದ ಬಣ್ಣ ತುಂಬಿ, ಹಿನ್ನೆಲೆಯ ವರ್ಣಚಿತ್ರದ ಮೇಲಿಟ್ಟು ಕ್ಯಾಮೆರಾದ ಕೆಳಗೆ ಒಂದೊಂದಾಗಿ ತೆಗೆಯಬೇಕು. ಇಷ್ಟೆಲ್ಲ ಆದಮೇಲೂ ಚಲನೆ ಸರಿ ಕಾಣಲಿಲ್ಲವೆಂದರೆ ವಿಲಿಯಮ್ಸ್ ಮತ್ತೆ ಮೊದಲಿಂದ ಬಿಡಿಸುತ್ತಿದ್ದರು.

ಈ ಹಟದ ಹಿಂದೆ ಒಂದು ನಾಚಿಕೆಯಿತ್ತು. 1967ರಲ್ಲಿ ಬಂದ ಡಿಸ್ನಿಯ ‘ದಿ ಜಂಗಲ್ ಬುಕ್’ ನೋಡಿದಾಗ ತನಗೆ ಅನಿಮೇಷನ್ ಬರುವುದೇ ಇಲ್ಲ ಎಂಬುದು ಅವರಿಗೆ ಅರಿವಾಯಿತಂತೆ. ಅಷ್ಟು ಹೊತ್ತಿಗೆ ಅವರು ಪ್ರಶಸ್ತಿ ಗೆದ್ದಿದ್ದರು, ಸ್ಟುಡಿಯೋ ನಡೆಸುತ್ತಿದ್ದರು. ಆದರೂ ಶಿಷ್ಯವೃತ್ತಿಗೆ ಕೂತರು. ಅಮೆರಿಕದಲ್ಲಿ ಕೆಲಸ ಮುಗಿಸಿ ಮನೆ ಸೇರಿದ್ದ, ಜಗತ್ತು ಮರೆಯುತ್ತಿದ್ದ ಹಿರಿಯರನ್ನು ಲಂಡನ್ನಿಗೆ ಕರೆಸಿದರು. ವಾರ್ನರ್ ಬ್ರದರ್ಸ್‌ನಲ್ಲಿ ಚಕ್ ಜೋನ್ಸ್ ಜೊತೆ ದುಡಿದಿದ್ದ ಕೆನ್ ಹ್ಯಾರಿಸ್ ಬಂದರು. ಕಳ್ಳನ ನಡಿಗೆ, ಅವನ ಕೈಯ ಚಪಲ ಎಲ್ಲ ಬಹುಪಾಲು ಹ್ಯಾರಿಸ್ ಕೊಟ್ಟದ್ದು. ಬೆಟ್ಟಿ ಬೂಪ್ ಪಾತ್ರವನ್ನು ಸೃಷ್ಟಿಸಿದ ಗ್ರಿಮ್ ನ್ಯಾಟ್ವಿಕ್ ಬಂದರು. ಡಿಸ್ನಿಯ ಗೂಫಿಗೆ ಮೈಮಾಟ ಕೊಟ್ಟ, 1941ರ ಮುಷ್ಕರದಲ್ಲಿ ಡಿಸ್ನಿಗೆ ಎದುರು ನಿಂತ ಆರ್ಟ್ ಬ್ಯಾಬಿಟ್ ಬಂದರು. 1973ರಲ್ಲಿ ಇಡೀ ಸ್ಟುಡಿಯೋವನ್ನೇ ಕೂರಿಸಿಕೊಂಡು ಪಾಠ ಮಾಡಿದರು. ಸ್ಟುಡಿಯೋದ ಯಜಮಾನರಾದ ವಿಲಿಯಮ್ಸ್ ತಾವೇ ಹ್ಯಾರಿಸ್‌ಗೆ ಸಹಾಯಕರಾಗಿ ಕೂತು, ಅವರ ಮುಖ್ಯ ಡ್ರಾಯಿಂಗುಗಳ ನಡುವಿನ ಚಿತ್ರಗಳನ್ನು ತುಂಬಿಕೊಡುತ್ತಿದ್ದರು. ವರ್ಷಗಳ ನಂತರ ಆ ಮುದುಕರ ಬಾಯಿಂದ ಬಂದ ಹೊಗಳಿಕೆ ಇಷ್ಟೇ: ಚಿತ್ರಗಳು ಈಗೀಗ ಬೀಳಬೇಕಾದ ಜಾಗದಲ್ಲಿ ಬೀಳುತ್ತಿವೆ.

ಚಿತ್ರ ಮುಗಿಯದಿದ್ದರೂ ಆ ಸ್ಟುಡಿಯೋದಲ್ಲಿ ಒಂದು ವಿದ್ಯೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿತು. ಹಿನ್ನೆಲೆಗಳನ್ನು ಬರೆದ ಎರಲ್ ಲೆ ಕೇನ್ ಸಿಂಗಪುರದಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷ ಭಾರತದಲ್ಲಿ ಕಳೆದವರು. ಪರ್ಷಿಯನ್ ಚಿಕಣಿ ಚಿತ್ರಕಲೆಯ ಚಪ್ಪಟೆ ಗೋಡೆ, ಕಮಾನು, ಅಂಚಿನ ಹೂಬಳ್ಳಿ ಚಿತ್ರಕ್ಕೆ ಬಂದದ್ದು ಅವರ ಕುಂಚದಿಂದ. ಆ ಚಪ್ಪಟೆ ಲೋಕಕ್ಕೆ ಇದ್ದಕ್ಕಿದ್ದಂತೆ ಆಳ ತಂದವರು ರಾಯ್ ನೈಸ್‌ಬಿಟ್. ಕಳ್ಳನನ್ನು ಟ್ಯಾಕ್ ಅಟ್ಟಿಸಿಕೊಂಡು ಹೋಗುವ ದೃಶ್ಯದಲ್ಲಿ ಅರಮನೆಯ ಕಪ್ಪು ಬಿಳುಪು ಚೌಕದ ನೆಲ ಗೋಡೆಯಾಗುತ್ತದೆ, ಗೋಡೆ ಮೆಟ್ಟಿಲಾಗುತ್ತದೆ, ಮೆಟ್ಟಿಲು ಮತ್ತೆ ನೆಲ. ನೋಡುತ್ತ ನೋಡುತ್ತ ತಲೆ ಸುತ್ತುತ್ತದೆ, ಆದರೂ ಕಣ್ಣು ಕೀಳಲಾಗುವುದಿಲ್ಲ.

ದುಡ್ಡು ಎಲ್ಲಿಂದ ಬರಬೇಕು? ಜಾಹೀರಾತಿನಿಂದ ಬಂದದ್ದು ಚಿತ್ರಕ್ಕೆ ಹೋಗುತ್ತಿತ್ತು, ಚಿತ್ರ ಅದನ್ನು ನುಂಗಿ ಇನ್ನಷ್ಟು ಕೇಳುತ್ತಿತ್ತು. 1970ರ ದಶಕದ ಕೊನೆಯಲ್ಲಿ ಸೌದಿ ರಾಜಮನೆತನದ ಮೊಹಮ್ಮದ್ ಬಿನ್ ಫೈಸಲ್ ಆಸಕ್ತಿ ತೋರಿಸಿದರು. ಮೊದಲು ಹತ್ತು ನಿಮಿಷದ ಮಾದರಿ ಮಾಡಿ ತೋರಿಸಿ ಎಂದರು. ವಿಲಿಯಮ್ಸ್ ಆರಿಸಿಕೊಂಡದ್ದು ಎಲ್ಲಕ್ಕಿಂತ ಕಷ್ಟದ ಭಾಗವನ್ನೇ: ಸುವರ್ಣನಗರಿಯ ಮೇಲೆ ದಂಡೆತ್ತಿ ಬರುವ ಒಕ್ಕಣ್ಣ ಎಂಬವನ ಸೈನ್ಯದ ಯುದ್ಧಯಂತ್ರ ಕುಸಿದುಬೀಳುವ ದೃಶ್ಯ. ಹೇಳಿದ ಗಡುವು ದಾಟಿತು, ಖರ್ಚು ಅಂದಾಜಿನ ಎರಡು ಪಟ್ಟಿಗೂ ಮೀರಿತು. ರಾಜಕುಮಾರ ಕೈಬಿಟ್ಟರು. ದೃಶ್ಯ ಮಾತ್ರ ಉಳಿಯಿತು.

ಆ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ದಣಿವಿಲ್ಲ. ಬೆಟ್ಟದಷ್ಟು ದೊಡ್ಡ ಯಂತ್ರ. ಟ್ಯಾಕ್ ಎಸೆದ ಒಂದೇ ಒಂದು ಮೊಳೆಯಿಂದ ಅದರ ಅವನತಿ ಶುರುವಾಗುತ್ತದೆ. ಒಂದು ಚಕ್ರ ಇನ್ನೊಂದನ್ನು ತಳ್ಳಿ, ಅದು ಮತ್ತೊಂದು ತೊಲೆಯನ್ನು ಎಗರಿಸಿ, ಇಡೀ ವ್ಯವಸ್ಥೆ ತನ್ನನ್ನು ತಾನೇ ಅರೆಯುತ್ತ ಹೋಗುತ್ತದೆ. ಅದರ ಹೊಟ್ಟೆಯೊಳಗೆ ನಮ್ಮ ಕಳ್ಳ ಚಿನ್ನದ ಗುಂಡುಗಳ ಹಿಂದೆ ಬಿದ್ದಿದ್ದಾನೆ. ಬಾಣಗಳು ಕಿವಿಯ ಪಕ್ಕ ಹಾಯುತ್ತವೆ, ಕತ್ತಿಗಳು ಮೇಲಿಂದ ಬೀಳುತ್ತವೆ, ಕಾಲ ಕೆಳಗಿನ ಹಲಗೆ ಹಾರಿಹೋಗುತ್ತದೆ. ಅವನಿಗೆ ಯಾವುದರ ಪರಿವೆಯೂ ಇಲ್ಲ, ಒಂದು ಗೀರೂ ಇಲ್ಲ. ಯಂತ್ರದ ಪ್ರತಿ ಹಲ್ಲೂ ಕೈಯಿಂದ ಬಿಡಿಸಿದ್ದು, ಫ್ರೇಮಿಗೊಂದು. ಸುತ್ತಲಿನ ಜಗತ್ತು ಬಿದ್ದರೂ ಬೇಕಾದ ಒಂದೇ ವಸ್ತುವಿನ ಮೇಲೆ ಕಣ್ಣಿಟ್ಟು ನಡೆಯುವ ಆ ಕಳ್ಳನಲ್ಲಿ ವಿಲಿಯಮ್ಸ್ ತಮ್ಮನ್ನೇ ಬಿಡಿಸಿಕೊಂಡರೇನೋ ಎಂದು ನನಗೆ ಅನ್ನಿಸುತ್ತದೆ.

ಯುದ್ಧಯಂತ್ರದ ರೀಲು ನೋಡಿದವರಲ್ಲಿ ಹಾಲಿವುಡ್ಡಿನವರೂ ಇದ್ದರು. ‘ಹೂ ಫ್ರೇಮ್ಡ್ ರೋಜರ್ ರ್‍ಯಾಬಿಟ್’ ಚಿತ್ರದ ಅನಿಮೇಷನ್ ಹೊಣೆ ವಿಲಿಯಮ್ಸ್‌ಗೆ ಬಂತು. 1988ರಲ್ಲಿ ಅದು ಜಗತ್ತನ್ನೇ ಗೆದ್ದಿತು. ವಿಲಿಯಮ್ಸ್‌ಗೆ ಎರಡು ಆಸ್ಕರ್. ಈಗ ದುಡ್ಡು ತಾನಾಗಿ ಬಾಗಿಲಿಗೆ ಬಂತು. ನಿರ್ಮಾಪಕ ಜೇಕ್ ಎಬರ್ಟ್ಸ್ ಮೊದಲೇ ಜೊತೆಗಿದ್ದರು, ವಾರ್ನರ್ ಬ್ರದರ್ಸ್ ಒಪ್ಪಂದಕ್ಕೆ ಸಹಿ ಹಾಕಿತು. ಕ್ಯಾಮ್ಡನ್‌ನಲ್ಲಿ ಹೊಸ ಸ್ಟುಡಿಯೋ, ಹೊಸ ಹುಡುಗರು. ಜೊತೆಗೆ ಒಂದು ಷರತ್ತು: ‘ಕಂಪ್ಲೀಷನ್ ಬಾಂಡ್’. ಹೇಳಿದ ದಿನಕ್ಕೆ, ಹೇಳಿದ ಖರ್ಚಿನಲ್ಲಿ ಚಿತ್ರ ಕೈಸೇರುತ್ತದೆ ಎಂದು ಒಂದು ಸಂಸ್ಥೆ ಜಾಮೀನು ನಿಲ್ಲುತ್ತದೆ. ಮಾತು ತಪ್ಪಿದರೆ ಚಿತ್ರವನ್ನು ಕೈಗೆತ್ತಿಕೊಂಡು ಹೇಗಾದರೂ ಮುಗಿಸುವ ಅಧಿಕಾರ ಆ ಜಾಮೀನುದಾರನದು.

ಅಭಿಮಾನಿಗಳು ಈ ಘಟ್ಟದಲ್ಲಿ ವಿಲಿಯಮ್ಸ್ ಪರ ನಿಂತುಬಿಡುತ್ತಾರೆ. ನನ್ನಿಂದ ಪೂರ್ತಿ ನಿಲ್ಲಲಾಗುವುದಿಲ್ಲ. ಇಡೀ ಕಥೆಯ ಸ್ಟೋರಿಬೋರ್ಡ್ ಮೊದಲೇ ಸಿದ್ಧ ಮಾಡಿಕೊಂಡು ಹೊರಡುವವರಲ್ಲ ಅವರು. ಇಷ್ಟವಾದ ದೃಶ್ಯ ಉದ್ದವಾಗುತ್ತ ಹೋಗುತ್ತಿತ್ತು. ಕಥೆಯನ್ನು ಮುಂದೆ ತಳ್ಳಬೇಕಾದ ಸಣ್ಣ ದೃಶ್ಯಗಳು ಕಾಯುತ್ತ ಕೂರುತ್ತಿದ್ದವು. ರಾತ್ರಿ ಹಗಲು ತಾವೂ ಬಿಡಿಸಿದರು, ಹುಡುಗರಿಂದಲೂ ಬಿಡಿಸಿದರು. ಅವರ ಮಟ್ಟಕ್ಕೆ ಏರದವರನ್ನು ಕೆಲಸದಿಂದ ತೆಗೆದದ್ದೂ ಉಂಟು. ತಮ್ಮ ದುಡ್ಡು ಹಾಕಿದವರು ಇಪ್ಪತ್ತೈದು ವರ್ಷವಾದ ಮೇಲೂ ಮುಗಿಯುವ ದಿನ ಯಾವುದು ಎಂದು ಕೇಳಿದರೆ ಅದನ್ನು ಅನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅನ್ಯಾಯ ಆದದ್ದು ಅದರ ಮುಂದೆ.

ಗಡುವು 1991ರಲ್ಲೇ ದಾಟಿತ್ತು. 1992ರ ಮೇ 13ರಂದು ವಿಲಿಯಮ್ಸ್ ತಮ್ಮಲ್ಲಿದ್ದುದನ್ನು ವಾರ್ನರ್‌ನವರಿಗೆ ತೋರಿಸಿದರು. ಮುಗಿದ ದೃಶ್ಯಗಳು ಬಣ್ಣದಲ್ಲಿ, ಮುಗಿಯದವು ಪೆನ್ಸಿಲ್ ಗೆರೆಯಲ್ಲಿ, ಇನ್ನೂ ಶುರುವಾಗದವು ಸ್ಟೋರಿಬೋರ್ಡಿನ ಹಾಳೆಗಳಲ್ಲಿ; ಸಂಗೀತದ ಜಾಗದಲ್ಲಿ ತಾತ್ಕಾಲಿಕವಾಗಿ ರಿಮ್‌ಸ್ಕಿ ಕೊರ್ಸಕೋವ್. ಅನಿಮೇಟ್ ಮಾಡಲು ಬಾಕಿ ಇದ್ದದ್ದು ಸುಮಾರು ಹದಿನೈದು ನಿಮಿಷದಷ್ಟು. ವಾರ್ನರ್ ಹಿಂದೆ ಸರಿಯಿತು. ಮೇ 15ರಂದು ಜಾಮೀನು ಸಂಸ್ಥೆ ಸ್ಟುಡಿಯೋ ವಶಕ್ಕೆ ತೆಗೆದುಕೊಂಡಿತು. ಕಲಾವಿದರನ್ನು ಮನೆಗೆ ಕಳಿಸಿ, ಡ್ರಾಯಿಂಗುಗಳನ್ನು ಡಬ್ಬಗಳಿಗೆ ತುಂಬಿ ಲಾಸ್ ಏಂಜಲೀಸ್‌ಗೆ ಸಾಗಿಸಿದರು. ಹ್ಯಾರಿಸ್ 1982ರಲ್ಲಿ, ಲೆ ಕೇನ್ 1989ರಲ್ಲಿ, ನ್ಯಾಟ್ವಿಕ್ 1990ರಲ್ಲಿ ತೀರಿಕೊಂಡಿದ್ದರು. ಬ್ಯಾಬಿಟ್ ತೀರಿಕೊಂಡು ಎರಡು ತಿಂಗಳಾಗಿತ್ತು.

ಅದೇ ವರ್ಷದ ನವೆಂಬರ್‌ನಲ್ಲಿ ಡಿಸ್ನಿಯ ‘ಅಲಾದಿನ್’ ಬಂತು. ಅರಬ್ಬೀ ನಗರ, ದುಷ್ಟ ಮಂತ್ರಿ, ಅವನ ಜೊತೆಗೊಂದು ಹಕ್ಕಿ, ದಡ್ಡ ಸುಲ್ತಾನ. ವಿಲಿಯಮ್ಸ್ ಬಳಿ ಪಳಗಿದವರೂ ಅದರಲ್ಲಿ ಇದ್ದರು. ನೀಲಿ ಜೀನಿಯನ್ನು ಬಿಡಿಸಿದ ಎರಿಕ್ ಗೋಲ್ಡ್‌ಬರ್ಗ್ ಅವರಲ್ಲೊಬ್ಬರು. ಯಾರು ಯಾರಿಂದ ಏನನ್ನು ಪಡೆದರು ಎಂಬ ವಾದ ಈಗಲೂ ನಡೆಯುತ್ತದೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ. ‘ಅಲಾದಿನ್’ ಬಂದಮೇಲೆ ಕಳ್ಳನ ಚಿತ್ರವನ್ನೂ ಅದೇ ಅಚ್ಚಿಗೆ ಒತ್ತಿದರು ಎಂಬುದಂತೂ ಕಣ್ಣಿಗೆ ಕಾಣುವ ಸಂಗತಿ.

ಮುಗಿಸುವ ಕೆಲಸ ಟಿವಿ ಅನಿಮೇಷನ್ನಿನ ಫ್ರೆಡ್ ಕ್ಯಾಲ್ವರ್ಟ್ ಪಾಲಿಗೆ ಬಂತು. ವಿಲಿಯಮ್ಸ್ ಬಿಡಿಸಿದ ಎಷ್ಟೋ ದೃಶ್ಯ ಹೋಯಿತು, ಹಾಡುಗಳು ಬಂದವು, ಟ್ಯಾಕ್ ಮಾತಾಡತೊಡಗಿದ. 1993ರಲ್ಲಿ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ‘ದಿ ಪ್ರಿನ್ಸೆಸ್ ಅಂಡ್ ದಿ ಕಾಬ್ಲರ್’ ಹೆಸರಲ್ಲಿ ತೆರೆಕಂಡಿತು. ಅದರ ಮೇಲೆ ಮಿರಾಮ್ಯಾಕ್ಸ್ ಇನ್ನೊಮ್ಮೆ ಕತ್ತರಿಯಾಡಿಸಿತು. ಮಿರಾಮ್ಯಾಕ್ಸ್ ಆಗ ಡಿಸ್ನಿಯದೇ ಅಂಗಸಂಸ್ಥೆ. 1995ರ ಆಗಸ್ಟ್‌ನಲ್ಲಿ ‘ಅರೇಬಿಯನ್ ನೈಟ್’ ಎಂದು ಅಮೆರಿಕದ ಥಿಯೇಟರುಗಳಿಗೆ ಬಂತು. ಈ ಸಲ ಕಳ್ಳನಿಗೂ ಮಾತು. ತುಟಿ ಅಲುಗುವುದಿಲ್ಲ, ಆದರೆ ಅವನ ಮನಸ್ಸಿನ ಮಾತೆಂದು ದನಿಯೊಂದು ಎಡೆಬಿಡದೆ ಹರಟುತ್ತದೆ. ಹ್ಯಾರಿಸ್ ವರ್ಷಗಟ್ಟಲೆ ಕೂತು ಬರೀ ಬೆರಳ ತುದಿಯಲ್ಲಿ, ಹೆಗಲ ಕುಣಿತದಲ್ಲಿ ಹೇಳಿದ್ದನ್ನು ಆ ದನಿ ಬಾಯಿಬಿಟ್ಟು ಹೇಳಿ ಕೆಡಿಸುತ್ತದೆ. ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಇಲ್ಲಿಯೇ. ಅಮೆರಿಕದಲ್ಲಿ ಚಿತ್ರ ಏಳು ಲಕ್ಷ ಡಾಲರ್ ಕೂಡ ಗಳಿಸಲಿಲ್ಲ. ವಿನ್ಸೆಂಟ್ ಪ್ರೈಸ್ ಆಗ ಇರಲಿಲ್ಲ, 1993ರಲ್ಲೇ ತೀರಿಕೊಂಡಿದ್ದರು. ವಿಲಿಯಮ್ಸ್ ಆ ಚಿತ್ರದ ಹೆಸರೆತ್ತುವುದನ್ನೇ ಬಹುಕಾಲ ಬಿಟ್ಟುಬಿಟ್ಟರು.

ಆದರೆ 1992ರ ಮೇನಲ್ಲಿ ವಾರ್ನರ್‌ನವರಿಗೆ ತೋರಿಸಿದ ಆ ಅಪೂರ್ಣ ರೂಪದ, ಅಂದರೆ ವರ್ಕ್‌ಪ್ರಿಂಟಿನ, ಒಂದು ಪ್ರತಿ ವಿಎಚ್‌ಎಸ್ ಕ್ಯಾಸೆಟ್ಟಾಗಿ ಹೊರಬಿದ್ದಿತ್ತು. ಅನಿಮೇಟರುಗಳು ಅದನ್ನು ಗೆಳೆಯರಿಗೆ ಕೊಟ್ಟರು, ಗೆಳೆಯರು ತಮ್ಮ ಗೆಳೆಯರಿಗೆ. ಪ್ರತಿಯ ಪ್ರತಿ, ಅದರ ಪ್ರತಿ. ಬಣ್ಣ ಹರಡಿ, ಗೆರೆ ಮಸುಕಾಗಿ, ದನಿ ಗೊರಗುಟ್ಟುತ್ತಿದ್ದರೂ ಅದರಲ್ಲಿ ಕಳ್ಳ ಮೂಕನಾಗಿಯೇ ಇದ್ದ. ಡಿಸ್ನಿಯೊಳಗೆ ರಾಯ್ ಡಿಸ್ನಿ ಚಿತ್ರವನ್ನು ಸರಿಪಡಿಸುವ ಪ್ರಯತ್ನಕ್ಕೆ ಒಲವು ತೋರಿದ್ದರು; 2003ರಲ್ಲಿ ಅವರು ಕಂಪನಿ ಬಿಟ್ಟಮೇಲೆ ಅದೂ ನಿಂತಿತು.

ಗ್ಯಾರೆಟ್ ಗಿಲ್‌ಕ್ರಿಸ್ಟ್ ಎಂಬ ಅಮೆರಿಕದ ಯುವ ಚಿತ್ರಕರ್ಮಿ ಕೈಹಾಕಿದ್ದು ಆಗ. ಅವರ ‘ರೀಕಾಬ್ಲ್ಡ್ ಕಟ್’ನ ಮೊದಲ ರೂಪ 2006ರಲ್ಲಿ ಬಂತು. ಕೆಲಸದ ತರ್ಕ ಸರಳ, ಕೆಲಸ ಮಾತ್ರ ಸರಳವಲ್ಲ. ಬಿಡುಗಡೆಯಾದ ಪ್ರತಿಗಳಲ್ಲಿ ಚಿತ್ರ ಸ್ವಚ್ಛ, ಆದರೆ ದೃಶ್ಯ ಕತ್ತರಿಸಿದೆ, ಮೇಲೆ ಬೇಡದ ಮಾತು ತುಂಬಿದೆ. ವರ್ಕ್‌ಪ್ರಿಂಟಿನಲ್ಲಿ ದೃಶ್ಯ ಪೂರ್ತಿಯಿದೆ, ಚಿತ್ರ ಮಸುಕು. ಹಾಗಾದರೆ ಶಾಟ್ ಶಾಟಿಗೂ ಯಾವುದು ಎಲ್ಲಿ ಚೆನ್ನಾಗಿ ಉಳಿದಿದೆ ಎಂದು ಹುಡುಕಬೇಕು. ಜಪಾನಿನಲ್ಲಿ ಬಂದಿದ್ದ ಅಗಲ ಪರದೆಯ ಡಿವಿಡಿಯಿಂದ ಚಿತ್ರ, ಕ್ಯಾಸೆಟ್ಟಿನಿಂದ ದನಿ. ಎಲ್ಲಿಯೋ ಸಿಕ್ಕಿದ 35 ಮಿ.ಮೀ. ಫಿಲ್ಮಿನಿಂದ ಕೆಲವು ನಿಮಿಷ. ಬಿಡುಗಡೆಯಾದ ಪ್ರತಿಯಲ್ಲಿ ಮೂರು ಸೆಕೆಂಡಿಗೇ ತುಂಡಾದ ಶಾಟಿಗೆ ಉಳಿದ ಸೆಕೆಂಡುಗಳನ್ನು ಮಸುಕು ಪ್ರತಿಯಿಂದ ತಂದು ಅಂಟಿಸಿ, ಎರಡರ ಬಣ್ಣ ಹೊಂದಿಸಬೇಕು. ಸುದ್ದಿ ಹರಡಿದಂತೆ ಚಿತ್ರಕ್ಕೆ ದುಡಿದಿದ್ದ ಕಲಾವಿದರೇ ತಮ್ಮಲ್ಲಿ ಉಳಿದಿದ್ದ ಪೆನ್ಸಿಲ್ ಟೆಸ್ಟು, ಫೋಟೊ, ತುಣುಕು ಫಿಲ್ಮುಗಳನ್ನು ಕೊಟ್ಟರು. ಸಿಕ್ಕ ಸಿಕ್ಕಂತೆ ಮತ್ತೆ ಮತ್ತೆ ಕಟ್ಟಿದರು. 2013ರಲ್ಲಿ ನಾಲ್ಕನೆಯ ರೂಪ ಬಂದಾಗ ಎಷ್ಟೋ ಭಾಗಗಳನ್ನು ಫ್ರೇಮ್ ಫ್ರೇಮಾಗಿ ಕೈಯಲ್ಲೇ ತಿದ್ದಿದ್ದರು. ಯೂಟ್ಯೂಬಿನಲ್ಲಿ ಬಿಟ್ಟರು, ದುಡ್ಡಿಗೆ ಮಾರಲು ಅವರಿಗೆ ಹಕ್ಕಿರಲಿಲ್ಲ.

ಅದನ್ನು ನೋಡುವಾಗ ಮೊದಲ ಹತ್ತು ನಿಮಿಷ ಕಣ್ಣು ತೊಡಕುತ್ತದೆ. ಒಂದು ಶಾಟ್ ಹೊಳಪು, ಮುಂದಿನದು ಮಬ್ಬು, ಅದರ ಮುಂದಿನದು ಬರೀ ಗೆರೆ. ಆಮೇಲೆ ಆ ಗೆರೆಗಳಿಗಾಗಿಯೇ ಕಣ್ಣು ಕಾಯತೊಡಗುತ್ತದೆ. ಬಣ್ಣವಿಲ್ಲದ ಕಳ್ಳ ಬಣ್ಣವಿರುವ ಕಳ್ಳನಷ್ಟೇ ಜೀವಂತ. ಒತ್ತಿ ಎಳೆದ ಗೆರೆ, ಅಳಿಸಿದ ಗುರುತು, ಮೊಣಕೈ ಎಲ್ಲಿ ಬಾಗಬೇಕೆಂದು ಕೈ ಹುಡುಕಿದ ಜಾಡು ಎಲ್ಲ ಕಾಣುತ್ತದೆ. ಕ್ಯಾಲ್ವರ್ಟ್ ತಂಡ ಖಾಲಿ ಜಾಗಗಳನ್ನು ತುಂಬಿ ಚಿತ್ರವನ್ನು ಕಳೆಯಿತು. ಗಿಲ್‌ಕ್ರಿಸ್ಟ್ ಖಾಲಿ ಇದ್ದದ್ದನ್ನು ಬಹುಮಟ್ಟಿಗೆ ಖಾಲಿ ಎಂದೇ ತೋರಿಸಿದರು, ಚಿತ್ರ ಸಿಕ್ಕಿತು. ಕೆಲವೆಡೆ ಹೊಸದಾಗಿ ಬಿಡಿಸಿ ಸೇರಿಸಿದ ತುಣುಕುಗಳಿವೆ. ಅವು ನನ್ನನ್ನು ಅಷ್ಟು ಹಿಡಿಯಲಿಲ್ಲ. ಹಾಗೆಯೇ ಇದನ್ನೂ ಹೇಳಬೇಕು: ಪೂರ್ತಿ ಜೋಡಿಸಿ ನೋಡಿದಾಗಲೂ ಕಥೆ ನಡುವೆ ಸೊರಗುತ್ತದೆ, ರಾಜಕುಮಾರಿಗೆ ಮಾಡಲು ಹೆಚ್ಚೇನೂ ಇಲ್ಲ. ಅವೆಲ್ಲ ವಿಲಿಯಮ್ಸ್ ಅವರದೇ ಕೊರತೆ, ಕಿತ್ತುಕೊಂಡವರದಲ್ಲ. ಅದೂ ಈಗ ಎಲ್ಲರ ಕಣ್ಣಿಗೆ ಬಿತ್ತಲ್ಲ, ಅದು ಪುನರುದ್ಧಾರದ ಪ್ರಾಮಾಣಿಕತೆ.

2012ರಲ್ಲಿ ಈ ಚಿತ್ರದ ಕಥೆಯನ್ನೇ ಹೇಳುವ, ಕೆವಿನ್ ಶ್ರೆಕ್ ಅವರ ‘ಪರ್ಸಿಸ್ಟೆನ್ಸ್ ಆಫ್ ವಿಷನ್’ ಸಾಕ್ಷ್ಯಚಿತ್ರ ಬಂತು. ಮರು ವರ್ಷದ ಡಿಸೆಂಬರ್‌ನಲ್ಲಿ ಆಸ್ಕರ್ ಅಕಾಡೆಮಿ ಲಾಸ್ ಏಂಜಲೀಸ್‌ನ ತನ್ನ ಥಿಯೇಟರಿನಲ್ಲಿ ವರ್ಕ್‌ಪ್ರಿಂಟನ್ನು ಪ್ರದರ್ಶಿಸಿತು, ವಿಲಿಯಮ್ಸ್ ಅವರ ಸಮ್ಮುಖದಲ್ಲಿ. 1992ರ ಮೇನಲ್ಲಿ ಚಿತ್ರ ಎಲ್ಲಿ ನಿಂತಿತ್ತೋ ಅಲ್ಲಿಗೇ ನಿಲ್ಲಿಸಿದ ಆ ರೂಪಕ್ಕೆ ಅವರು ‘ಎ ಮೊಮೆಂಟ್ ಇನ್ ಟೈಮ್’ ಎಂದು ಹೆಸರಿಟ್ಟಿದ್ದರು. ಮರುವರ್ಷ ಲಂಡನ್ನಿನಲ್ಲೂ ತೋರಿಸಿದರು. ನಡುವೆ 2001ರಲ್ಲಿ ಅವರು ಬರೆದ ‘ದಿ ಅನಿಮೇಟರ್ಸ್ ಸರ್ವೈವಲ್ ಕಿಟ್’ ಅನಿಮೇಷನ್ ಕಲಿಯುವವರ ಪಠ್ಯವಾಗಿತ್ತು. ಹ್ಯಾರಿಸ್, ಬ್ಯಾಬಿಟ್, ನ್ಯಾಟ್ವಿಕ್ ಕಲಿಸಿದ್ದೆಲ್ಲ ಅದರಲ್ಲಿದೆ. 2015ರ ‘ಪ್ರೊಲಾಗ್’ ಎಂಬ ಆರು ನಿಮಿಷದ ಕಿರುಚಿತ್ರವನ್ನು ಒಬ್ಬರೇ ಕೂತು ಬಿಡಿಸಿ, 82ರ ವಯಸ್ಸಿನಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದರು. ಅದು ಇನ್ನೊಂದು ದೊಡ್ಡ ಚಿತ್ರದ ಮೊದಲ ಭಾಗ ಮಾತ್ರ. 2019ರ ಆಗಸ್ಟ್‌ನಲ್ಲಿ ಬ್ರಿಸ್ಟಲ್‌ನಲ್ಲಿ ತೀರಿಕೊಂಡ ದಿನದವರೆಗೂ ಬಿಡಿಸುತ್ತಲೇ ಇದ್ದರು ಎಂದು ಮಗಳು ಹೇಳಿದ್ದಾರೆ.

ಇಷ್ಟಾದರೂ ವಿಲಿಯಮ್ಸ್ ಒಪ್ಪಿದ ರೂಪ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ. ಸಿಗುವುದು ಹರಟುವ ಕಳ್ಳನ ಚಿತ್ರ. ಹಕ್ಕುಳ್ಳವರು ಅಕಾಡೆಮಿಯ ತೆರೆಯ ಮೇಲೆ ಓಡಿದ ಆ ರೀಲುಗಳನ್ನು ಈಗಲಾದರೂ ಎಲ್ಲರಿಗೂ ಸಿಗುವಂತೆ ಹೊರತರಬೇಕು, ಅಂದು ಬಿಡಿಸಿದವರಲ್ಲಿ ಬದುಕಿರುವವರ ಹೆಸರು ಅದರ ಮೇಲೆ ಬರುವಂತೆ ಬೇಗ ತರಬೇಕು. ಹೊಸ ಬಣ್ಣ ತುಂಬುವುದು ಬೇಡ, ಹಾಡು ಬೇಡ, ಕಳ್ಳನಿಗೆ ಮಾತಂತೂ ಬೇಡವೇ ಬೇಡ. ಪೆನ್ಸಿಲ್ ಗೆರೆ ಇದ್ದಲ್ಲಿ ಪೆನ್ಸಿಲ್ ಗೆರೆಯೇ ಇರಲಿ.